ಲ್ಯಾಬ್ರಡಾರ್‌ಗೆ ಪೂಡಲ್ ಕ್ರಾಸ್: ಬೆದೆ ಬರುವ ಮೊದಲೇ ಮುಗಿಸಬೇಕಾದ ಕೆಲಸ

ಪ್ರಶ್ನೆ: ನಮ್ಮಲ್ಲಿ ಮೂರು ವರ್ಷದ ಲ್ಯಾಬ್ರಡಾರ್ ಹೆಣ್ಣುನಾಯಿ ಇದೆ, ಇನ್ನೂ ಮರಿ ಹಾಕಿಲ್ಲ. ಪರಿಚಯದವರ ಬಳಿ ಸ್ಟ್ಯಾಂಡರ್ಡ್ ಪೂಡಲ್ ಗಂಡು ಇದೆ. ಎರಡನ್ನೂ ಕ್ರಾಸ್ ಮಾಡಿಸಿದರೆ ಕೂದಲು ಉದುರದ ಮರಿಗಳು ಸಿಗುತ್ತವೆಯೇ? ಮಿಶ್ರತಳಿಗೆ ಕಾಯಿಲೆ ಬರುವುದಿಲ್ಲ ಎನ್ನುತ್ತಾರೆ, ನಿಜವೇ? ಬೆದೆ ಶುರುವಾದ ಎಷ್ಟನೇ ದಿನ ಗಂಡಿನ ಹತ್ತಿರ ಬಿಡಬೇಕು? ಮುಂದೆ ಈ ಮರಿಗಳನ್ನೇ ಒಂದಕ್ಕೊಂದು ಕೂಡಿಸಿ ನಮ್ಮದೇ ಒಂದು ತಳಿ ಮಾಡಿಕೊಳ್ಳಬಹುದೇ?

ಉತ್ತರ: ನಾಲ್ಕರಲ್ಲಿ ಎಲ್ಲರೂ ಮೊದಲು ಕೇಳುವುದು ‘ಎಷ್ಟನೇ ದಿನ’ ಎನ್ನುವುದನ್ನೇ. ಅದಕ್ಕೆ ಉತ್ತರ ಇದೆ, ಆದರೆ ಸ್ವಲ್ಪ ತಡೆಯಿರಿ. ಬೆದೆ ಬಂದ ಮೇಲೆ ಮಾಡುವ ಓಡಾಟದಿಂದ ಮರಿ ಹುಟ್ಟುತ್ತವೆಯೋ ಇಲ್ಲವೋ ಎನ್ನುವುದಷ್ಟೇ ತೀರ್ಮಾನವಾಗುತ್ತದೆ. ಎಂಥ ಮರಿ ಹುಟ್ಟುತ್ತವೆ ಎನ್ನುವುದು ಬೆದೆಗೆ ಎರಡು ಮೂರು ತಿಂಗಳ ಮುಂಚೆ ನೀವು ಮಾಡಿಸುವ, ಅಥವಾ ಮಾಡಿಸದೆ ಬಿಡುವ ಪರೀಕ್ಷೆಗಳಲ್ಲಿ ತೀರ್ಮಾನವಾಗಿ ಹೋಗಿರುತ್ತದೆ.

ಕಾಯಿಲೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ‘ಮಿಶ್ರತಳಿ ಗಟ್ಟಿ’ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ನಾಯಿಯ ಜೀವಕೋಶದಲ್ಲಿ 39 ಜೋಡಿ ಕ್ರೋಮೋಸೋಮ್ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಹಾಗಾಗಿ ಪ್ರತಿ ಜೀನ್ ಎರಡೆರಡು ಪ್ರತಿ ಇರುತ್ತದೆ. ಅನೇಕ ವಂಶಪಾರಂಪರ್ಯ ಕಾಯಿಲೆಗಳು ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಹೊರಬೀಳುತ್ತವೆ. ಒಂದು ಪ್ರತಿ ಕೆಟ್ಟಿದ್ದರೆ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ, ಆದರೆ ಕೆಟ್ಟ ಪ್ರತಿಯನ್ನು ಮುಂದಿನವರಿಗೆ ದಾಟಿಸುವ ವಾಹಕವಾಗಿರುತ್ತದೆ. ಒಂದು ತಳಿಯಲ್ಲಿ ಇರುವ ಅಂಥ ದೋಷ ಇನ್ನೊಂದು ತಳಿಯಲ್ಲಿ ಇಲ್ಲದಿದ್ದರೆ, ಕ್ರಾಸ್ ಮರಿಗಳಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ. ಮಿಶ್ರತಳಿಯ ಲಾಭ ಅಂದರೆ ಇಷ್ಟೇ. ಲ್ಯಾಬ್ರಡಾರ್‌ಗಳಲ್ಲಿ ಜೋರಾಗಿ ಓಡಿದ ಮೇಲೆ ಹಿಂಗಾಲು ಸೋತು ಕುಸಿಯುವ ಇಐಸಿ ಎಂಬ ತೊಂದರೆ ಇದೆ. ನಿಮ್ಮ ನಾಯಿ ಅದರ ವಾಹಕವಾಗಿದ್ದರೂ, ಪೂಡಲ್ ಕಡೆಯಿಂದ ಒಂದು ಒಳ್ಳೆಯ ಪ್ರತಿ ಖಂಡಿತ ಸಿಗುವಂತಿದ್ದರೆ ಮರಿಗಳು ಕುಸಿಯುವುದಿಲ್ಲ.

ಎರಡೂ ತಳಿಗಳಲ್ಲಿ ಒಂದೇ ದೋಷ ಇದ್ದರೆ? ಆಗ ಕ್ರಾಸ್ ಏನನ್ನೂ ಕಾಯುವುದಿಲ್ಲ. ಕಣ್ಣಿನ ಪರದೆ ನಿಧಾನವಾಗಿ ಸತ್ತು ನಾಯಿ ಕುರುಡಾಗುವ ಪಿಆರ್‌ಎ ಕಾಯಿಲೆಯ ಪಿಆರ್‌ಸಿಡಿ ಎಂಬ ರೂಪ ಲ್ಯಾಬ್ರಡಾರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ (ಮಿನಿಯೇಚರ್ ಮತ್ತು ಟಾಯ್ ಪೂಡಲ್‌ಗಳಲ್ಲಿ ಇನ್ನೂ ಹೆಚ್ಚು). ಎರಡೂ ವಾಹಕಗಳಾಗಿದ್ದರೆ, ತಳಿ ಬೇರೆ ಬೇರೆ ಆಗಿದ್ದರೂ, ಪ್ರತಿ ಮರಿಗೂ ನಾಲ್ಕರಲ್ಲಿ ಒಂದರಷ್ಟು ಕುರುಡಾಗುವ ಸಾಧ್ಯತೆ ಇರುತ್ತದೆ. ಅದು ತಿಳಿಯುವುದು ಮರಿ ಬೆಳೆದು, ಇನ್ನೊಬ್ಬರ ಮನೆಯ ಮಗುವಿನಂತೆ ಆದ ಮೇಲೆ.

ಇನ್ನು ಒಂದೇ ಪ್ರತಿಯಿಂದಲೂ ತೊಂದರೆ ಕೊಡುವ ಜೀನ್‌ಗಳಿವೆ. ಡ್ಯಾಷ್‌ಹಂಡ್‌ನಂಥ ಗಿಡ್ಡಕಾಲಿನ ನಾಯಿಗಳಲ್ಲಿ ಬೆನ್ನುಮೂಳೆಯ ಡಿಸ್ಕ್ ಬೇಗ ಗಟ್ಟಿಯಾಗುವಂತೆ ಮಾಡುವ ಸಿಡಿಡಿವೈ ಎಂಬ ಜೀನ್ ಹೀಗೆಯೇ. ಒಂದು ಪ್ರತಿ ಬಂದರೂ ಅಪಾಯ ಏರುತ್ತದೆ. ಎರಡು ಪ್ರತಿ ಹೊತ್ತ ಡ್ಯಾಷ್‌ಹಂಡ್ ಅನ್ನು ಯಾವ ಗಟ್ಟಿ ತಳಿಗೆ ಕ್ರಾಸ್ ಮಾಡಿಸಿದರೂ ಪ್ರತಿ ಮರಿಗೂ ಅದು ಬಂದೇ ಬರುತ್ತದೆ. ನಿಮ್ಮ ಜೋಡಿಗೆ ಇದು ನೇರವಾಗಿ ಅನ್ವಯಿಸದು, ಆದರೆ ಸಣ್ಣ ಪೂಡಲ್‌ಗಳಲ್ಲಿ ಆ ಜೀನ್ ಸಿಗುವುದರಿಂದ, ಮುಂದೆಂದಾದರೂ ಮರಿಗಳ ಗಾತ್ರ ಇಳಿಸಬೇಕೆಂದು ಮಿನಿಯೇಚರ್ ಪೂಡಲ್ ಹುಡುಕುವ ಮನಸ್ಸಾದರೆ ನೆನಪಿರಲಿ. ಮರ್ಲ್ ಎಂಬ ಚುಕ್ಕೆಚುಕ್ಕೆ ಬಣ್ಣದ ಜೀನ್ ಕೂಡ ಒಂದೇ ಪ್ರತಿಯಲ್ಲಿ ಕಾಣಿಸಿಕೊಳ್ಳುತ್ತದೆ, ತೊಂದರೆ ಮಾತ್ರ ಎರಡಾದಾಗ. ಒಂದು ಪ್ರತಿಗೆ ಬಣ್ಣ, ಎರಡು ಪ್ರತಿಗೆ ಕಿವುಡುತನ, ಕಣ್ಣಿನ ದೋಷ. ಆದ್ದರಿಂದ ಮರ್ಲ್‌ಗೆ ಮರ್ಲ್ ಕೂಡಿಸುವುದು ಯಾವ ತಳಿಯಲ್ಲೂ, ಯಾವ ಮಿಶ್ರಣದಲ್ಲೂ ಸಲ್ಲ. (ಅಂದಹಾಗೆ, ‘ಶುದ್ಧ ಪೂಡಲ್’ ಅಂತ ತೋರಿಸಿದ ಗಂಡು ಮರ್ಲ್ ಬಣ್ಣದ್ದಾಗಿದ್ದರೆ ಹಿಂದೆ ಎಲ್ಲೋ ಬೇರೆ ತಳಿ ಸೇರಿದೆ ಎಂದೇ ಅನುಮಾನಿಸಿ.)

ಅಂಕಿಅಂಶವೂ ಇದನ್ನೇ ಹೇಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಆನುವಂಶಿಕ ಕಾಯಿಲೆಗಳನ್ನು ಹೋಲಿಸಿದರು. ಹತ್ತು ಕಾಯಿಲೆ ಶುದ್ಧತಳಿಗಳಲ್ಲಿ ಹೆಚ್ಚು ಕಂಡವು, ಒಂದು (ಮೊಣಕಾಲಿನ ಲಿಗಮೆಂಟ್ ಹರಿಯುವುದು) ಮಿಶ್ರತಳಿಗಳಲ್ಲಿ ಹೆಚ್ಚು ಕಂಡಿತು, ಉಳಿದ ಹದಿಮೂರರಲ್ಲಿ ವ್ಯತ್ಯಾಸವೇ ಇರಲಿಲ್ಲ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2024ರಲ್ಲಿ ಲ್ಯಾಬ್ರಡೂಡಲ್ (ನಿಮ್ಮ ಜೋಡಿಯಂತೆ ಲ್ಯಾಬ್ರಡಾರ್ ಮತ್ತು ಪೂಡಲ್ ಕ್ರಾಸ್), ಕಾಕಪೂ (ಕಾಕರ್ ಸ್ಪ್ಯಾನಿಯಲ್ ಮತ್ತು ಪೂಡಲ್), ಕ್ಯಾವಪೂ (ಕ್ಯಾವಲಿಯರ್ ಸ್ಪ್ಯಾನಿಯಲ್ ಮತ್ತು ಪೂಡಲ್) ಈ ಮೂರು ಮಿಶ್ರಣಗಳನ್ನು ಅವುಗಳ ಮೂಲ ತಳಿಗಳ ಜೊತೆ 57 ಸಾಮಾನ್ಯ ಕಾಯಿಲೆಗಳಲ್ಲಿ ಹೋಲಿಸಿದಾಗ, ಸುಮಾರು ಶೇ. 87ರಷ್ಟು ಹೋಲಿಕೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕ್ರಾಸ್ ಎಂಬ ಕಾರಣಕ್ಕೇ ಮರಿ ಗಟ್ಟಿ ಎಂದು ಯಾರಿಗಾದರೂ ಹೇಳಿ ಕೊಡುವ ಹಾಗಿಲ್ಲ.

ಹಾಗಾದರೆ ಯಾವ ಪರೀಕ್ಷೆ? ಇಬ್ಬರದೂ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ ಮೊದಲನೆಯದು. ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್ಪ್ಲೇಸಿಯಾ ಎರಡೂ ತಳಿಗಳಿಗೆ ಅಂಟಿಕೊಂಡಿರುವ ತೊಂದರೆ, ಅದೂ ಒಂದೇ ಜೀನ್‌ನಿಂದ ಬರುವುದಲ್ಲ. ಅನೇಕ ಜೀನ್‌ಗಳು ಸೇರಿ, ಜೊತೆಗೆ ಮರಿಯಾಗಿದ್ದಾಗಿನ ತೂಕ, ಆಹಾರ, ಜಾರುವ ನೆಲ ಎಲ್ಲ ಕೂಡಿ ಬರುವುದು. ಡಿಎನ್‌ಎ ಪರೀಕ್ಷೆಯಲ್ಲಿ ಸಿಗದು, ಎಕ್ಸ್‌ರೇ ಒಂದೇ ದಾರಿ. ಮಂಪರು ಕೊಟ್ಟು, ನಾಯಿಯನ್ನು ಅಂಗಾತ ಮಲಗಿಸಿ, ಹಿಂಗಾಲು ನೇರ ಚಾಚಿ ತೆಗೆಯಬೇಕು. ಎಚ್ಚರವಿರುವ ನಾಯಿಯನ್ನು ಇಬ್ಬರು ಅದುಮಿ ಹಿಡಿದು ತೆಗೆದ ಚಿತ್ರದಲ್ಲಿ ಸೊಂಟ ಓರೆಯಾಗಿ, ಒಳ್ಳೆಯ ಕೀಲು ಕೆಟ್ಟದ್ದಾಗಿಯೂ ಕೆಟ್ಟದ್ದು ಒಳ್ಳೆಯದಾಗಿಯೂ ಕಾಣುತ್ತದೆ. ಅಮೆರಿಕದ ಒಎಫ್‌ಎ ಪದ್ಧತಿಯಲ್ಲಿ ಅಂತಿಮ ಶ್ರೇಣಿ ಕೊಡುವುದು 24 ತಿಂಗಳು ತುಂಬಿದ ಮೇಲೆ. ಕೀಲಿನ ಸಡಿಲವನ್ನು ಅಳೆಯುವ ಪೆನ್‌ಹಿಪ್ ಪದ್ಧತಿಯನ್ನು 16 ವಾರದಿಂದಲೇ ಮಾಡಿಸಬಹುದು. ನಿಮ್ಮ ನಾಯಿಗೆ ಮೂರು ವರ್ಷ, ಯಾವುದಾದರೂ ಆದೀತು. ಇಬ್ಬರಲ್ಲಿ ಒಬ್ಬರ ಸೊಂಟ ಕೆಟ್ಟಿದ್ದರೂ ಈ ಜೋಡಿಯನ್ನು ಅಲ್ಲಿಗೇ ಕೈಬಿಡಿ. ‘ಇನ್ನೊಂದರದ್ದು ಚೆನ್ನಾಗಿದೆಯಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಎರಡನೆಯದು ಡಿಎನ್‌ಎ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ಕಳಿಸಿದರೆ ಸಾಕು, ಆದರೆ ಅರ್ಧ ಗಂಟೆ ಮುಂಚಿನಿಂದ ಊಟ ಕೊಡಬೇಡಿ, ಆಹಾರದ ಕಣ ಸೇರಿದರೆ ಮಾದರಿ ಕೆಡುತ್ತದೆ. ಲ್ಯಾಬ್ರಡಾರ್‌ಗೆ ಪಿಆರ್‌ಸಿಡಿ, ಇಐಸಿ, ಸಿಎನ್‌ಎಂ ಎಂಬ ಸ್ನಾಯು ದೌರ್ಬಲ್ಯ. ಪೂಡಲ್‌ಗೆ ಪಿಆರ್‌ಸಿಡಿ, ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಒಂದನೇ ಬಗೆ, ಹುಟ್ಟಿದ ಮರಿಗಳಿಗೆ ಸೆಳವು ಬಂದು ಸಾಯುವ ‘ನ್ಯೂಸ್’ ಎಂಬ ಕಾಯಿಲೆ. ಇಬ್ಬರಿಗೂ ಹಿಂಗಾಲು ಸೋಲುವ ಡಿಎಂ. ವರದಿಯಲ್ಲಿ ‘ವಾಹಕ’ ಎಂದು ಬಂದರೆ ಹೆದರಬೇಕಿಲ್ಲ. ವಾಹಕವನ್ನು ಅದೇ ಜೀನ್‌ನಲ್ಲಿ ಸ್ವಚ್ಛವಾಗಿರುವ ನಾಯಿಗೆ ಕೂಡಿಸಬಹುದು. ವಾಹಕಕ್ಕೆ ವಾಹಕ ಕೂಡದು. ಸ್ಟ್ಯಾಂಡರ್ಡ್ ಪೂಡಲ್‌ಗೆ ಬರುವ, ಅಡ್ರಿನಲ್ ಗ್ರಂಥಿಯ ಹಾರ್ಮೋನು ಕುಂದುವ ಅಡಿಸನ್ ಕಾಯಿಲೆ, ಚರ್ಮದ ಎಣ್ಣೆಗ್ರಂಥಿ ಹಾಳಾಗುವ ಸೆಬೇಷಿಯಸ್ ಅಡೆನೈಟಿಸ್, ಎರಡೂ ತಳಿಗೆ ಬರುವ ಅಪಸ್ಮಾರ, ಇವುಗಳನ್ನು ಡಿಎನ್‌ಎ ಪರೀಕ್ಷೆಯಿಂದ ತಳ್ಳಿಹಾಕಲಾಗದು. ಗಂಡಿನ ಒಡಹುಟ್ಟಿದವು, ಅಪ್ಪ ಅಮ್ಮ ಹೇಗಿವೆ ಎಂದು ಬಿಡಿಸಿ ಕೇಳುವುದೇ ಉಪಾಯ. ಯಜಮಾನರು ಉತ್ತರಕ್ಕೆ ತಡವರಿಸಿದರೆ ಅದೂ ಒಂದು ಉತ್ತರವೇ.

ಮೂರನೆಯದು ಬ್ರುಸೆಲ್ಲಾ ಕೇನಿಸ್ ರಕ್ತಪರೀಕ್ಷೆ, ಕೂಡಿಸುವುದಕ್ಕೆ ಒಂದು ತಿಂಗಳ ಒಳಗೆ, ಇಬ್ಬರಿಗೂ. ಈ ಬ್ಯಾಕ್ಟೀರಿಯಾ ಕೂಡುವಾಗ ದಾಟುತ್ತದೆ, ಕೊನೇ ತಿಂಗಳಲ್ಲಿ ಗರ್ಭಪಾತ ಮಾಡಿಸುತ್ತದೆ, ಔಷಧದಿಂದ ಪೂರ್ತಿ ಹೋಗುತ್ತದೆಂಬ ಖಾತ್ರಿಯಿಲ್ಲ, ಮನುಷ್ಯರಿಗೂ ಅಂಟುತ್ತದೆ. ‘ನಮ್ಮ ಗಂಡು ಎಷ್ಟೋ ಹೆಣ್ಣಿಗೆ ಬಿಟ್ಟಿದ್ದೇವೆ, ಏನೂ ಆಗಿಲ್ಲ’ ಎನ್ನುವವರ ನಾಯಿಗೇ ಈ ಪರೀಕ್ಷೆ ಹೆಚ್ಚು ಬೇಕು.

ಸ್ವಭಾವ ಡಿಎನ್‌ಎಯಲ್ಲಿ ಕಾಣದಿದ್ದರೂ ವಂಶದಲ್ಲಿ ಇಳಿಯುತ್ತದೆ. ಅಪರಿಚಿತರಿಗೆ ಅಂಜಿ ಮೂಲೆ ಸೇರುವ, ಸದ್ದಿಗೆ ನಡುಗುವ, ಊಟದ ತಟ್ಟೆ ಮುಟ್ಟಿದರೆ ಗುರುಗುಟ್ಟುವ ನಾಯಿಯನ್ನು ಅದರ ಚೆಂದಕ್ಕೆ ಮರುಳಾಗಿ ಬಳಸಬೇಡಿ.

ಕೂದಲಿನ ಪ್ರಶ್ನೆಗೆ ಬರೋಣ. ಇಲ್ಲಿ ಜನ ಎಡವುವುದು ಕ್ರಾಸ್ ಅಂದರೆ ಹಾಲಿಗೆ ನೀರು ಬೆರೆಸಿದ ಹಾಗೆ, ಎರಡರ ಸರಾಸರಿ ಬರುತ್ತದೆ ಅಂದುಕೊಳ್ಳುವುದರಿಂದ. ಅದು ಇಸ್ಪೀಟ್ ಕಲೆಸಿ ಹಂಚಿದ ಹಾಗೆ. ನಾಯಿಯ ಕೂದಲಿನ ರೂಪವನ್ನು ಬಹುಪಾಲು ಮೂರು ಜೀನ್‌ಗಳು ನಿರ್ಧರಿಸುತ್ತವೆ. ಆರ್‌ಎಸ್‌ಪಿಒ2 ಮುಖದ ಮೀಸೆ, ಗಡ್ಡ, ಹುಬ್ಬಿನ ಕೂದಲಿಗೆ. ಎಫ್‌ಜಿಎಫ್5 ಉದ್ದಕ್ಕೆ. ಕೆಆರ್‌ಟಿ71 ಗುಂಗುರಿಗೆ. ಉದುರುವಿಕೆಯಲ್ಲಿ ಎಂಸಿ5ಆರ್ ಎಂಬ ನಾಲ್ಕನೆಯದು ಕೈ ಹಾಕುತ್ತದೆ, ಆದರೆ ಮೀಸೆಗಡ್ಡದ ಜೀನ್ ಇರುವ ನಾಯಿ ಕೂದಲು ಕಡಿಮೆ ಉದುರಿಸುತ್ತದೆ ಎನ್ನುವುದೇ ಕೆಲಸಕ್ಕೆ ಬರುವ ಸುಳಿವು.

ನಿಮ್ಮ ಜೋಡಿಯಲ್ಲಿ ಲೆಕ್ಕ ಹೀಗೆ. ಪೂಡಲ್‌ಗೆ ಮೀಸೆಗಡ್ಡದ ಎರಡು ಪ್ರತಿ, ಲ್ಯಾಬ್ರಡಾರ್‌ಗೆ ಒಂದೂ ಇಲ್ಲ. ಆ ಜೀನ್ ಪ್ರಬಲ. ಆದ್ದರಿಂದ ಎಫ್1 ಎನ್ನುವ ಮೊದಲ ತಲೆಮಾರಿನ ಪ್ರತಿ ಮರಿಗೂ ಒಂದೊಂದು ಪ್ರತಿ ಬಂದು, ಎಲ್ಲಕ್ಕೂ ಅಷ್ಟೋ ಇಷ್ಟೋ ಗಡ್ಡ ಬರುತ್ತದೆ. ಉದ್ದ ಕೂದಲಿನ ಜೀನ್ ಮಾತ್ರ ಅಡಗಿ ಕೂರುವ ಜಾತಿಯದು. ಲ್ಯಾಬ್ರಡಾರ್ ಕಡೆಯಿಂದ ಗಿಡ್ಡ ಕೂದಲಿನ ಪ್ರತಿ ಬರುವುದರಿಂದ ಎಫ್1 ಮರಿಗಳಿಗೆ ಪೂಡಲ್‌ನ ಮೆತ್ತನೆಯ ಉದ್ದ ಗುಂಗುರು ಬರುವುದಿಲ್ಲ. ಸಾಮಾನ್ಯವಾಗಿ ಬರುವುದು ಕೆದರಿದಂತಿರುವ, ಸ್ವಲ್ಪ ಒರಟಾದ, ಅಲೆಅಲೆ ಕೂದಲು. ಉದುರುವುದು ಲ್ಯಾಬ್ರಡಾರ್‌ಗಿಂತ ಕಡಿಮೆ, ಪೂಡಲ್‌ಗಿಂತ ಹೆಚ್ಚು. ‘ಉದುರುವುದೇ ಇಲ್ಲ’ ಎಂದು ಯಾರಿಗೂ ಮಾತು ಕೊಡಬೇಡಿ. ಎಂಟು ವಾರದ ಮರಿಯ ಮೆತ್ತನೆ ರೋಮ ನೋಡಿ ಊಹಿಸಲೂ ಬೇಡಿ, ದೊಡ್ಡ ನಾಯಿಯ ಕೂದಲು ಬರುವುದು ಆರರಿಂದ ಹನ್ನೆರಡು ತಿಂಗಳ ನಡುವೆ. ಆ ಹೊತ್ತಿಗೆ ಹಳೆ ಕೂದಲು ಹೊಸದರೊಳಗೆ ಸಿಕ್ಕಿಕೊಂಡು ಕಿವಿಯ ಹಿಂದೆ, ಕಂಕುಳಲ್ಲಿ, ಕಾಲರ್ ಕೆಳಗೆ ಜಡೆಗಟ್ಟುತ್ತದೆ. ಚರ್ಮದವರೆಗೆ ಬಾಚಣಿಗೆ ಇಳಿಯುವಂತೆ ಬಾಚಬೇಕು. ಮೇಲೆ ಮೇಲೆ ಬ್ರಷ್ ಆಡಿಸಿದರೆ ಮೇಲ್ಪದರ ಹೊಳೆಯುತ್ತದೆ, ಒಳಗೆ ಕಂಬಳಿಯಾಗಿರುತ್ತದೆ.

ಅಲರ್ಜಿ ಇದಕ್ಕಿಂತ ಬೇರೆಯೇ ವಿಷಯ. ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಕ್ಯಾನ್ ಎಫ್ 1ರಂಥ ಪ್ರೋಟೀನುಗಳು. 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಲರ್ಜಿ ತರುವುದಿಲ್ಲ ಎಂದು ಹೆಸರಾದ ಲ್ಯಾಬ್ರಡೂಡಲ್, ಪೂಡಲ್ ಮುಂತಾದ ನಾಯಿಗಳ ಕೂದಲನ್ನು ಅಳೆದಾಗ ಅವುಗಳಲ್ಲಿ ಕ್ಯಾನ್ ಎಫ್ 1 ಕಡಿಮೆಯೇನೂ ಇರಲಿಲ್ಲ, ಹೆಚ್ಚೇ ಇತ್ತು. ಈ ಕ್ರಾಸ್‌ಗೆ ಹೆಸರು ಬಂದದ್ದೇ ಅಲರ್ಜಿಯ ಕಾರಣಕ್ಕೆ ಎನ್ನುವುದು ತಮಾಷೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್, ಹವಾಯಿಯ ಅಂಧ ಮಹಿಳೆಯೊಬ್ಬರಿಗೆ, ಅವರ ಗಂಡನಿಗೆ ಅಲರ್ಜಿ ಎಂಬ ಕಾರಣಕ್ಕೆ, ಲ್ಯಾಬ್ರಡಾರ್ ಮತ್ತು ಸ್ಟ್ಯಾಂಡರ್ಡ್ ಪೂಡಲ್ ಕೂಡಿಸಿ ಮರಿ ಪಡೆದರು. ಮೊದಲ ಸೂಲಿನ ಮೂರು ಮರಿಗಳಲ್ಲಿ ಆ ಗಂಡನಿಗೆ ಹೊಂದಿದ್ದು ಒಂದು ಮಾತ್ರ. ಮುಂದೆ ಎಲ್ಲೆಡೆ ಪರೀಕ್ಷೆಯಿಲ್ಲದ ‘ಡೂಡಲ್’ ಎಂಬ ಪೂಡಲ್ ಕ್ರಾಸ್‌ಗಳ ಸುಗ್ಗಿ ಎದ್ದದ್ದನ್ನು ನೋಡಿ ಕಾನ್ರನ್ ತಾವೇ ಬಹಿರಂಗವಾಗಿ ಪಶ್ಚಾತ್ತಾಪ ಹೇಳಿಕೊಂಡರು. ನಿಮ್ಮ ಮರಿ ಕೇಳಿಕೊಂಡು ಬರುವವರಲ್ಲಿ ಅಲರ್ಜಿಯವರಿದ್ದರೆ ಅದೇ ಮರಿಯ ಜೊತೆ ಬೇರೆ ಬೇರೆ ದಿನ ಗಂಟೆಗಟ್ಟಲೆ ಕೂತು ನೋಡಲಿ. ಅಷ್ಟಾದರೂ ಖಾತ್ರಿ ಇಲ್ಲ ಎಂದು ಹೇಳಿಯೇ ಕೊಡಿ.

ಗಾತ್ರದ ಬಗ್ಗೆ ನಿಮಗೆ ಚಿಂತೆ ಬೇಡ. ಇಬ್ಬರೂ ಹೆಚ್ಚುಕಡಿಮೆ ಒಂದೇ ಅಳತೆಯವರು. ಬೇರೆ ಜೋಡಿ ಯೋಚಿಸುವವರಿಗೆ ಒಂದೇ ನಿಯಮ: ಗಾತ್ರ ಬೇರೆಯಾದರೆ ದೊಡ್ಡದು ಹೆಣ್ಣೇ ಆಗಿರಬೇಕು. ಸಣ್ಣ ಹೆಣ್ಣಿಗೆ ದೊಡ್ಡ ಗಂಡು ಬಿಟ್ಟರೆ, ಅದರಲ್ಲೂ ಹೊಟ್ಟೆಯಲ್ಲಿ ಒಂದೋ ಎರಡೋ ಮರಿ ನಿಂತರೆ, ಅವು ಬಲಿತು ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಸಿಸೇರಿಯನ್ನೇ ಗತಿ.

ಈಗ ‘ಎಷ್ಟನೇ ದಿನ’. ಹನ್ನೊಂದು, ಹದಿಮೂರನೇ ದಿನ ಬಿಡಿ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಸರಾಸರಿಗೆ ಅದು ಸರಿ, ಆದರೆ ನಿಮ್ಮ ನಾಯಿ ಸರಾಸರಿ ನಾಯಿಯಾಗಿರಬೇಕೆಂದೇನಿಲ್ಲ. ರಕ್ತ ಕಾಣಿಸಿದ ಮೊದಲ ದಿನವನ್ನು ಒಂದು ಎಂದು ಎಣಿಸಿದರೆ ಮೊದಲ ಹಂತ ಸುಮಾರು ಒಂಬತ್ತು ದಿನ, ಆದರೆ ಮೂರರಿಂದ ಹದಿನೇಳರವರೆಗೂ ಇರಬಹುದು. ಈ ಹಂತದಲ್ಲಿ ಅದು ಗಂಡನ್ನು ಸೆಳೆಯುತ್ತದೆ, ಹತ್ತಲು ಬಿಡುವುದಿಲ್ಲ. ಆಮೇಲೆ ಸ್ರಾವ ತೆಳುವಾಗುತ್ತದೆ, ಬೆನ್ನಿನ ಬುಡ ಕೆರೆದರೆ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಆದರೆ ಒಪ್ಪಿ ನಿಲ್ಲುವುದು ಬೇರೆ, ಮೊಟ್ಟೆ ಹಣ್ಣಾಗಿರುವುದು ಬೇರೆ.

ನಾಯಿಯ ಮೊಟ್ಟೆ ಅಂಡಾಶಯದಿಂದ ಬಿಡುಗಡೆಯಾಗುವಾಗ ಇನ್ನೂ ಎಳಸು. ಅದು ಪಕ್ವವಾಗಲು ಇನ್ನೆರಡು ದಿನ ಬೇಕು, ಪಕ್ವವಾದ ಮೇಲೆ ಬದುಕುವುದು ಎರಡು ಮೂರು ದಿನ. ಈ ಕಿಟಕಿಯನ್ನು ಹಿಡಿಯಲು ರಕ್ತದಲ್ಲಿನ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪರೀಕ್ಷೆಯೇ ನಂಬಿಕಸ್ತ ದಾರಿ. ಐದು ಆರನೇ ದಿನಕ್ಕೆ ಮೊದಲ ಸಲ, ಆಮೇಲೆ ಎರಡು ದಿನಕ್ಕೊಮ್ಮೆ. ಮಿಲಿ ಲೀಟರಿಗೆ 1 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಇನ್ನೂ ಹೊತ್ತಿದೆ. 2ರಿಂದ 3ಕ್ಕೆ ಬಂದರೆ, ಮೊಟ್ಟೆ ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನಿನ ಉಬ್ಬರದ ಸಮಯ. ಸುಮಾರು 5 ದಾಟಿದರೆ ಮೊಟ್ಟೆ ಬಿಡುಗಡೆಯಾಗುತ್ತಿದೆ. ಆ ದಿನದಿಂದ ಎಣಿಸಿ ಎರಡನೇ ದಿನ ಒಮ್ಮೆ, ನಾಲ್ಕನೇ ದಿನ ಇನ್ನೊಮ್ಮೆ ಕೂಡಿಸಿ. ವರದಿಯಲ್ಲಿ ಅಳತೆಯ ಮಾನ ನೋಡುವುದನ್ನು ಮರೆಯಬೇಡಿ. ಕೆಲವು ಲ್ಯಾಬ್‌ಗಳು ಲೀಟರಿಗೆ ನ್ಯಾನೊಮೋಲ್‌ನಲ್ಲಿ ಕೊಡುತ್ತವೆ, ಅಲ್ಲಿ 5 ಎನ್ನುವುದು ಸುಮಾರು 16 ಆಗಿರುತ್ತದೆ. ಈ ಗೊಂದಲದಿಂದ ನಾಲ್ಕು ದಿನ ಮುಂಚೆಯೇ ಬಿಟ್ಟು, ಹೊಟ್ಟೆ ಖಾಲಿ ಉಳಿದು, ‘ಗಂಡಿನದೇ ದೋಷ’ ಎಂದು ಬೈದಾಡುವವರಿದ್ದಾರೆ. ಪರೀಕ್ಷೆಯೆಲ್ಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

ಕೂಡಿಸುವ ದಿನ ಹೆಣ್ಣನ್ನು ಗಂಡಿರುವ ಕಡೆಗೆ ಒಯ್ಯಿರಿ, ತನ್ನ ಜಾಗದಲ್ಲಿ ಗಂಡು ಧೈರ್ಯವಾಗಿರುತ್ತದೆ. ನೆಲ ಜಾರದಂತೆ ರಬ್ಬರ್ ಮ್ಯಾಟ್ ಹಾಸಿ. ಊಟ ಆಮೇಲೆ. ಕೂಡಿದಾಗ ಗಂಡಿನ ಅಂಗದ ಬುಡ ಉಬ್ಬಿ ಎರಡೂ ಲಾಕ್ ಆಗುತ್ತವೆ, ಗಂಡು ಇಳಿದು ತಿರುಗಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಐದರಿಂದ ಮೂವತ್ತು ನಿಮಿಷ ಹಾಗೇ ಇರಬಹುದು. ನೀರು ಎರಚುವುದು, ಎಳೆಯುವುದು, ಬಡಿಯುವುದು ಮಾಡಿದರೆ ಇಬ್ಬರಿಗೂ ಗಾಯ. ಹೆಣ್ಣಿನ ತಲೆಯ ಹತ್ತಿರ ಒಬ್ಬರು ಕೂತು ಕಾಲರ್ ಹಿಡಿದು ಮಾತಾಡಿಸುತ್ತಿದ್ದರೆ ಸಾಕು.

ಕೂಡಿಸಿ ಬಂದ ಮೇಲೆ ಬಾಗಿಲು ತೆರೆದಿಡುವುದು ದೊಡ್ಡ ತಪ್ಪು. ಬೆದೆ ಪೂರ್ತಿ ಮುಗಿಯುವವರೆಗೆ ಬೇರೆ ಗಂಡು ಸೇರಿದರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳು ಹುಟ್ಟಬಹುದು. ಮೂರು ವಾರ, ಬೇಕಾದರೆ ನಾಲ್ಕು, ಹಗ್ಗ ಬಿಚ್ಚದೆ ಅಡ್ಡಾಡಿಸಿ. ಚಡ್ಡಿ ಡೈಪರ್ ನೆಲ ಕೊಳೆಯಾಗುವುದನ್ನು ತಡೆಯುತ್ತದೆ, ಗಂಡುನಾಯಿಯನ್ನಲ್ಲ. ಇನ್ನೊಂದು ಮಾತೂ ಓಡಾಡುತ್ತದೆ, ಒಮ್ಮೆ ಬೇರೆ ಜಾತಿಯ ಗಂಡು ಸೇರಿದರೆ ಆ ಹೆಣ್ಣಿನ ಮುಂದಿನ ಸೂಲುಗಳೆಲ್ಲ ಕೆಡುತ್ತವೆಂದು. ಅದು ಶುದ್ಧ ಸುಳ್ಳು. ಪ್ರತಿ ಸೂಲೂ ಹೊಸ ಲೆಕ್ಕ.

ಮೊಟ್ಟೆ ಬಿಡುಗಡೆಯಾದ ದಿನ ಗೊತ್ತಿದ್ದರೆ ಹೆರಿಗೆಯ ದಿನವೂ ಗೊತ್ತಿದ್ದ ಹಾಗೆ: 63 ದಿನ, ಒಂದು ದಿನ ಆಚೀಚೆ. ಬರೀ ಕೂಡಿದ ದಿನದಿಂದ ಎಣಿಸಿದರೆ 57ರಿಂದ 72ರವರೆಗೂ ಎಳೆಯುತ್ತದೆ, ವೀರ್ಯ ಹೆಣ್ಣಿನ ಒಳಗೆ ಐದಾರು ದಿನ ಬದುಕಿ ಕಾಯಬಲ್ಲದು. ಪ್ರೊಜೆಸ್ಟರಾನ್ ಪರೀಕ್ಷೆಗೆ ಖರ್ಚೇಕೆ ಎನ್ನುವವರು ಇದನ್ನು ಗಮನಿಸಿ. ಸಿಸೇರಿಯನ್ ಬೇಕಾಗಿ ಬಂದರೆ ಆ ಒಂದು ದಿನಾಂಕ ಮರಿಗಳ ಜೀವ ಉಳಿಸುತ್ತದೆ, ಏಕೆಂದರೆ ಎರಡು ಮೂರು ದಿನ ಮುಂಚೆ ತೆಗೆದ ಮರಿಯ ಶ್ವಾಸಕೋಶ ಬಲಿತಿರುವುದಿಲ್ಲ. 28ನೇ ದಿನದ ಹೊತ್ತಿಗೆ ಸ್ಕ್ಯಾನ್ ಮಾಡಿಸಿದರೆ ಎದೆಬಡಿತ ಕಾಣುತ್ತದೆ. ಎಣಿಕೆಗೆ ಸ್ಕ್ಯಾನ್ ನಂಬಬೇಡಿ. 55ನೇ ದಿನ ಕಳೆದ ಮೇಲಿನ ಎಕ್ಸ್‌ರೇಯಲ್ಲಿ ತಲೆಬುರುಡೆ ಎಣಿಸಬಹುದು. ಆರು ಎಂದು ಗೊತ್ತಿದ್ದರೆ, ಐದು ಬಂದು ಎಲ್ಲ ಶಾಂತವಾದಾಗ ‘ಮುಗಿಯಿತು’ ಎಂದು ಮಲಗುವುದಿಲ್ಲ.

ಊಟ ಐದನೇ ವಾರದವರೆಗೆ ಎಂದಿನಷ್ಟೇ. ಆಮೇಲೆ ನಿಧಾನವಾಗಿ ಏರಿಸಿ, ಹೆರಿಗೆಯ ಹೊತ್ತಿಗೆ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚು, ಮರಿಗಳಿಗೆ ಕೊಡುವ ಆಹಾರವನ್ನೇ, ಸಣ್ಣ ಸಣ್ಣ ಪಾಲುಗಳಲ್ಲಿ. ಹಾಲೂಡುವ ಮೂರು ನಾಲ್ಕನೇ ವಾರಕ್ಕೆ ಅದು ಎರಡು ಮೂರು ಪಟ್ಟಾಗಬಹುದು. ಗರ್ಭಿಣಿಗೆ ಕ್ಯಾಲ್ಸಿಯಂ ಬಾಟಲಿ ಕುಡಿಸುವ ಅಭ್ಯಾಸ ಮಾತ್ರ ಬೇಡವೇ ಬೇಡ. ಹೊರಗಿನಿಂದ ಸಿಗುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ದೇಹದ ವ್ಯವಸ್ಥೆ ಮಂದವಾಗುತ್ತದೆ. ಹಾಲು ಇಳಿದಾಗ ರಕ್ತದ ಕ್ಯಾಲ್ಸಿಯಂ ಕುಸಿದು ನಾಯಿ ಏದುಸಿರು ಬಿಟ್ಟು, ಕಾಲು ಸೆಟೆದು, ನಡುಗಿ ಬೀಳುತ್ತದೆ. ಅದು ಗಂಟೆಗಳಲ್ಲಿ ಪ್ರಾಣ ತೆಗೆಯುವ ತುರ್ತು. ಇನ್ನು ಗರ್ಭ ನಿಲ್ಲದೆ ಹೋದರೂ ಬೆದೆಯ ನಂತರ ಎರಡು ತಿಂಗಳು ಕಣ್ಣಿಟ್ಟಿರಿ. ಅತಿಯಾಗಿ ನೀರು ಕುಡಿಯುವುದು, ಮಂಕು, ಕೀವಿನಂಥ ಸ್ರಾವ ಕಂಡರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಸ್ರಾವವೇ ಇಲ್ಲದೆ ಒಳಗೇ ತುಂಬುವುದು ಇನ್ನೂ ಕೆಟ್ಟದ್ದು.

58ನೇ ದಿನದಿಂದ ಬೆಳಗ್ಗೆ ಸಂಜೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ಬರೆದಿಡಿ. ಸಾಮಾನ್ಯ 38 ಡಿಗ್ರಿ ಸೆಲ್ಸಿಯಸ್ ಆಚೀಚೆ ಇರುವ ಶಾಖ 37.2ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ನೋವು ಶುರು. ಮೊದಲ ಹಂತದಲ್ಲಿ ಏದುಸಿರು, ಹಾಸಿಗೆ ಕೆರೆಯುವುದು, ಊಟ ಬಿಡುವುದು ಆರರಿಂದ ಹನ್ನೆರಡು ಗಂಟೆ ನಡೆಯಬಹುದು. ಸುಮ್ಮನೆ ನೋಡುತ್ತಿರಿ, ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಇಪ್ಪತ್ತು ಮೂವತ್ತು ನಿಮಿಷ ಜೋರಾಗಿ ಮುಕ್ಕಿದರೂ ಮರಿ ಬರದಿದ್ದರೆ, ಒಂದು ಬಂದು ಎರಡು ಗಂಟೆಯಾದರೂ ಇನ್ನೊಂದು ಬರದಿದ್ದರೆ, ಮೊದಲ ಮರಿಗೂ ಮುಂಚೆ ಕಡುಹಸಿರು ಸ್ರಾವ ಕಂಡರೆ, ಶಾಖ ಇಳಿದು ದಿನ ಕಳೆದರೂ ಏನೂ ಆಗದಿದ್ದರೆ ಡಾಕ್ಟರ ಹತ್ತಿರ ಹೊರಡಿ. ಹಸಿರು ಅಂದರೆ ಮಾಸು ಗೋಡೆಯಿಂದ ಕಳಚಿಕೊಂಡಿದೆ, ಒಳಗಿನ ಮರಿಗೆ ಉಸಿರಿಲ್ಲ. ಮನೆಯಲ್ಲೇ ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚುವವರಿಗೆ ಬಾಗಿಲು ತೆರೆಯಬೇಡಿ. ಅಡ್ಡ ಸಿಕ್ಕಿಕೊಂಡ ಮರಿಯಿದ್ದಾಗ ಅದು ಗರ್ಭಕೋಶವನ್ನೇ ಹರಿಯಬಲ್ಲದು.

ಮರಿಗಳ ಮೊದಲ ವಾರ ಬೆಚ್ಚಗಿಡುವುದರ ಮೇಲೆ ನಿಂತಿದೆ. ಹುಟ್ಟಿದ ಮರಿಗೆ ನಡುಗಿ ಶಾಖ ಮಾಡಿಕೊಳ್ಳಲು ಬರುವುದಿಲ್ಲ. ಪೆಟ್ಟಿಗೆಯ ಒಂದು ಮೂಲೆಯನ್ನು 29ರಿಂದ 32 ಡಿಗ್ರಿಯಲ್ಲಿಡಿ, ಇನ್ನೊಂದು ಮೂಲೆ ತಂಪಾಗಿರಲಿ, ಸೆಕೆಯಾದರೆ ತೆವಳಿ ಹೋಗಲಿ. ತಣ್ಣಗಾದ ಮರಿಗೆ ಗಾಬರಿಯಲ್ಲಿ ಹಾಲು ಕುಡಿಸುವುದು ಬಹಳ ಜನ ಮಾಡುವ ತಪ್ಪು. ತಣ್ಣನೆ ಮೈಯಲ್ಲಿ ಕರುಳು ಚಲಿಸುವುದಿಲ್ಲ, ಹಾಲು ಹೊಟ್ಟೆಯಲ್ಲೇ ಕೆಡುತ್ತದೆ ಅಥವಾ ಶ್ವಾಸಕೋಶಕ್ಕೆ ಹೋಗುತ್ತದೆ. ಎದೆಗವಚಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ತಾಯಿಯ ಮೊಲೆಗೆ ಹಿಡಿಯಿರಿ. ಮೊದಲ ಹನ್ನೆರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆ ಸೇರಲೇಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ. 400 ಗ್ರಾಂ ಹುಟ್ಟಿದ ಮರಿ ದಿನಕ್ಕೆ 20ರಿಂದ 40 ಗ್ರಾಂ ಏರುತ್ತಾ, ಹತ್ತು ದಿನದ ಆಸುಪಾಸಿಗೆ 800 ಮುಟ್ಟಬೇಕು. ಮೊದಲ ದಿನ ತುಸು ಇಳಿದರೆ ಚಿಂತೆಯಿಲ್ಲ. ಎರಡನೇ ದಿನವೂ ಏರದಿದ್ದರೆ, ಅಳು ನಿಲ್ಲದಿದ್ದರೆ ಅದೇ ದಿನ ತೋರಿಸಿ. ಎರಡು, ನಾಲ್ಕು, ಆರು, ಎಂಟನೇ ವಾರಕ್ಕೆ ಜಂತುಹುಳದ ಔಷಧ, ಮರಿಗಳ ಜೊತೆ ತಾಯಿಗೂ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ. ಮೂರನೇ ವಾರದಿಂದ ಬೇರೆ ಬೇರೆ ಮನುಷ್ಯರು, ಸದ್ದು, ನೆಲ, ಮತ್ತು ಈ ಮರಿಗಳಿಗೆ ವಿಶೇಷವಾಗಿ ಬಾಚಣಿಗೆ, ಕತ್ತರಿ, ಡ್ರೈಯರ್ ಸದ್ದು ಅಭ್ಯಾಸವಾಗಲಿ. ಎಂಟು ವಾರಕ್ಕೆ ಮುಂಚೆ ಕೊಡಬೇಡಿ.

ಕೊನೆಗೆ ಹೊಸ ತಳಿ. ಎಫ್1 ಮರಿಗಳು ಒಂದನ್ನೊಂದು ತಕ್ಕಮಟ್ಟಿಗೆ ಹೋಲುತ್ತವೆ, ಅದನ್ನು ನೋಡಿಯೇ ‘ತಳಿ ಸಿದ್ಧವಾಯಿತು’ ಎಂಬ ಭ್ರಮೆ ಹುಟ್ಟುವುದು. ಅವನ್ನು ಒಂದಕ್ಕೊಂದು ಕೂಡಿಸಿದ ಎಫ್2ರಲ್ಲಿ ಇಸ್ಪೀಟ್ ಎಲೆಗಳು ಮತ್ತೆ ಕಲೆಸಿ ಹಂಚಿಕೆಯಾಗುತ್ತವೆ. ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಮೀಸೆಗಡ್ಡದ ಜೀನ್ ಒಂದೂ ಇಲ್ಲದೆ, ಲ್ಯಾಬ್ರಡಾರ್‌ನಂತೆಯೇ ಬೋಳುಮುಖದ, ಉದುರುವ ಕೂದಲಿನ ನಾಯಿಯಾಗುತ್ತದೆ. ಅದರ ಬದಲು ಎಫ್1 ಅನ್ನು ಸಂಬಂಧವಿಲ್ಲದ ಇನ್ನೊಂದು ಪೂಡಲ್‌ಗೆ ಕೂಡಿಸಿದರೆ ಪ್ರತಿ ಮರಿಗೂ ಗಡ್ಡ ಖಚಿತ, ಅರ್ಧದಷ್ಟಕ್ಕೆ ಉದ್ದ ಕೂದಲೂ ಬರುತ್ತದೆ. ಎಫ್1ಬಿ ಎಂದು ಕರೆಯುವುದು ಇದನ್ನೇ. ಕಡಿಮೆ ಉದುರುವ ಮರಿ ನಿಮ್ಮ ಗುರಿಯಾದರೆ ದಾರಿ ಇದು, ಆದರೆ ಆಗ ಮುಕ್ಕಾಲು ಪೂಡಲ್, ಪೂಡಲ್‌ನ ಕಾಯಿಲೆಗಳೂ ಅಷ್ಟೇ ಹತ್ತಿರ.

ಅಣ್ಣತಂಗಿಯನ್ನು ಕೂಡಿಸುವುದಂತೂ ಕ್ರಾಸ್‌ನಿಂದ ಗಳಿಸಿದ್ದನ್ನು ಒಂದೇ ಏಟಿಗೆ ಕಳೆಯುವ ಕೆಲಸ. ಹುಟ್ಟುವ ಮರಿಗಳ ಒಳಸಂಬಂಧದ ಪ್ರಮಾಣ ಶೇ. 25 ಆಗುತ್ತದೆ. ಲ್ಯಾಬ್ರಡಾರ್ ತಾಯಿ ಯಾವುದೋ ಒಂದು ದೋಷದ ವಾಹಕ, ಪೂಡಲ್ ಸ್ವಚ್ಛ ಎಂದಿಟ್ಟುಕೊಳ್ಳಿ. ಎಫ್1ರಲ್ಲಿ ಒಂದಕ್ಕೂ ಕಾಯಿಲೆ ಇಲ್ಲ, ಅರ್ಧದಷ್ಟು ವಾಹಕಗಳು. ಪರೀಕ್ಷಿಸದೆ ಅವುಗಳಲ್ಲಿ ಎರಡನ್ನು ಕೂಡಿಸಿದರೆ, ಎರಡೂ ವಾಹಕಗಳಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಆಗ ಪ್ರತಿ ಮರಿಗೆ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು, ಒಟ್ಟು ಹದಿನಾರರಲ್ಲಿ ಒಂದು. ಒಂದು ದೋಷಕ್ಕೆ ಈ ಲೆಕ್ಕ. ನಾಯಿ ಹೊತ್ತಿರುವ ದೋಷ ಒಂದೇ ಆಗಿರುವುದಿಲ್ಲ.

ಕ್ರಾಸ್ ಅನ್ನು ಸರಿಯಾಗಿ ಬಳಸಿದರೆ ಏನಾಗುತ್ತದೆ ಎನ್ನುವುದಕ್ಕೆ ಡಾಲ್ಮೇಷಿಯನ್ ನೋಡಿ. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕಲ್ಲು ಕಟ್ಟುವ ದೋಷ ಇಡೀ ತಳಿಯಲ್ಲಿ ಎರಡೂ ಪ್ರತಿಯಾಗಿ ಕೂತಿತ್ತು. ತಳಿಯೊಳಗೆ ಎಷ್ಟು ಆರಿಸಿದರೂ ಒಳ್ಳೆಯ ಪ್ರತಿ ಸಿಗುವಂತಿರಲಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದೇ ಒಂದು ಸಲ ಪಾಯಿಂಟರ್ ಎಂಬ ಬೇರೆ ತಳಿಗೆ ಕ್ರಾಸ್ ಮಾಡಿಸಿ, ಪ್ರತಿ ತಲೆಮಾರಿನಲ್ಲೂ ಆಮ್ಲ ಸರಿಯಿದ್ದ ಮರಿಯನ್ನು ಪರೀಕ್ಷಿಸಿ ಆರಿಸಿ, ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತಾ ಹೋದರು. ಅಮೆರಿಕನ್ ಕೆನಲ್ ಕ್ಲಬ್ ಆ ವಂಶವನ್ನು ಒಪ್ಪಿದ್ದು 2011ರಲ್ಲಿ. ಒಂದು ಜೀನ್, ಒಂದು ಕ್ರಾಸ್, ಮೂವತ್ತೆಂಟು ವರ್ಷ.

ನಿಮ್ಮ ಲೆಕ್ಕವನ್ನೂ ಹಾಗೇ ಹಾಕಿ. ಪ್ರತಿ ತಲೆಮಾರಿನ ಸೊಂಟದ ಫಲಿತಾಂಶಕ್ಕೆ ಎರಡು ವರ್ಷ ಕಾಯಬೇಕು, ಆಮೇಲೆ ಬೆದೆ, ಗರ್ಭ ಎಂದು ಇನ್ನಾರು ತಿಂಗಳು. ನಾಲ್ಕು ತಲೆಮಾರಿಗೆ ಹತ್ತು ವರ್ಷ. ಅದೂ ಒಂದು ಜೋಡಿಯಿಂದಲ್ಲ, ಪರಸ್ಪರ ಸಂಬಂಧವಿಲ್ಲದ ಹಲವು ಲ್ಯಾಬ್ರಡಾರ್, ಹಲವು ಪೂಡಲ್‌ಗಳಿಂದ ಶುರುಮಾಡಿ, ಪ್ರತಿ ಮರಿಗೂ ಮೈಕ್ರೋಚಿಪ್ ಹಾಕಿಸಿ, ಮಾರಿದ ಮರಿಗಳ ಆರೋಗ್ಯವನ್ನೂ ವರ್ಷ ವರ್ಷ ಕೇಳಿ ಬರೆದಿಟ್ಟುಕೊಂಡರೆ ಮಾತ್ರ. ಅಷ್ಟಕ್ಕೆ ತಯಾರಿಲ್ಲವಾದರೆ ಈ ಒಂದು ಸೂಲಿಗೇ ನಿಲ್ಲಿಸಿ. ಮರಿ ಕೊಡುವಾಗ ಮಾಡಿಕೊಳ್ಳುವ ಕಾಗದದಲ್ಲಿ ಎರಡು ಸಾಲು ಸೇರಿಸಿ: ಬೆಳೆದ ಮೇಲೆ ಡಾಕ್ಟರ್ ಹೇಳಿದ ವಯಸ್ಸಿಗೆ ಸಂತಾನಹರಣ ಮಾಡಿಸಬೇಕು, ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ಮರಿಯನ್ನು ನಿಮಗೇ ಹಿಂದಿರುಗಿಸಬೇಕು. ಇಬ್ಬರು ಪೋಷಕ ನಾಯಿಗಳ ಪರೀಕ್ಷಾ ವರದಿಯ ಪ್ರತಿಯನ್ನು ಅದೇ ಕಾಗದಕ್ಕೆ ಪಿನ್ ಮಾಡಿ ಕೊಡಿ.